ನಾನು ಕಸ ಎಂದ ಅಕ್ಷರಗಳು

ಹುಮನಾಬಾದಿನಲ್ಲಿ ನನ್ನ ಕಂಪ್ಯೂಟರ್ ಅಂಗಡಿಯ ಶಟರ್ ಕೊನೆಯ ಸಲ ಎಳೆದು ಎರಡು ವರ್ಷವಾಯಿತು. ಐವತ್ತು ದಾಟಿದ ಕೂಡಲೇ ಯಾರಾದರೂ ನಿವೃತ್ತಿ ತೆಗೆದುಕೊಳ್ಳುತ್ತಾರೆಯೇ ಎಂದು ಹೆಂಡತಿ ಕೇಳಿದಳು. ಕನ್ನಡಕ ಹಾಕಿದರೆ ಸ್ಕ್ರೂ ಕಾಣುತ್ತದೆ, ಅದು ಕೂರಬೇಕಾದ ತೂತು ಕಾಣುವುದಿಲ್ಲ. ಕನ್ನಡಕ ತೆಗೆದರೆ ತೂತು ಕಾಣುತ್ತದೆ, ಸ್ಕ್ರೂ ಎಲ್ಲೋ ಉರುಳಿರುತ್ತದೆ. ಇಂಥವನು ಎದ್ದುಹೋಗುವುದೇ ಗಿರಾಕಿಗಳಿಗೆ ಮಾಡುವ ಉಪಕಾರ ಎಂದು ಅವಳಿಗೆ ಹೇಳಿದೆ. ಅಂದು ಶಟರಿಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿನವರೆಗೆ ಹೋದವನು ಬೀಗ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ತಿರುಗಿ ಬಂದು ಎಳೆದು ನೋಡಿದೆ. ಒಳಗೆ ಒಂದು ಮುರಿದ ಸ್ಟೂಲು ಬಿಟ್ಟರೆ ಏನೂ ಇರಲಿಲ್ಲ. ನನ್ನ ಸ್ವಭಾವ ಅಂಥದ್ದು.

ಈ ಕೆಲಸಕ್ಕೆ ಹೊಸದಾಗಿ ಇಳಿದವರು ಈಗಲೂ ಮನೆಗೆ ಬಂದು ಕೂರುತ್ತಾರೆ. ಮಷೀನಿನ ವಿಷಯ ಅವರಿಗೆ ನನಗಿಂತ ಹೆಚ್ಚು ಗೊತ್ತು. ಅವರು ಹೇಳುವ ಗ್ರಾಫಿಕ್ಸ್ ಕಾರ್ಡಿನ ಗಾತ್ರ ಕೇಳಿ ನಾನು ಹೌಹಾರುತ್ತೇನೆ. ನಾನು ಮೊದಲು ಜೋಡಿಸಿದ ಕಂಪ್ಯೂಟರಿನ ಇಡೀ ಹಾರ್ಡ್‌ಡಿಸ್ಕ್ ಅದರ ಒಂದು ಮೂಲೆಯಲ್ಲಿ ಮಲಗಿ ನಿದ್ದೆ ಹೋಗಬಹುದು. ಅವರಿಗೆ ಹೇಳಿಕೊಡಲು ನನ್ನ ಹತ್ತಿರ ಇರುವುದು ಒಂದೇ, ನಾನು ಮಾಡಿದ ತಪ್ಪು. ಅದನ್ನು ಬಾಯಿಂದ ಹೇಳಲು ಹೋದಾಗಲೆಲ್ಲ ಚಹಾ ಬಂದು, ಮಾತು ಬೇರೆ ಕಡೆ ಹೋಗುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಕೆಲಸ ಕಲಿತದ್ದು ಮೊಯಿನ್ ಸಾಹೇಬರ ರೇಡಿಯೋ ಟೀವಿ ರಿಪೇರಿ ಅಂಗಡಿಯಲ್ಲಿ. ಊರಿಗೆ ಬಂದ ಮೊದಮೊದಲ ಕಂಪ್ಯೂಟರುಗಳಲ್ಲಿ ಒಂದು ಅಲ್ಲಿಗೆ ಬಂತು, ಏಕೆಂದರೆ ಅದು ನೋಡಲು ಟೀವಿಯ ಹಾಗಿತ್ತು. ಒಬ್ಬ ಅಡತಿ ವ್ಯಾಪಾರಿ, ಅಂದರೆ ಮಂಡಿಯಲ್ಲಿ ಕಾಳುಕಡಿ ಮಾರಿಸಿಕೊಡುವವನು, ಅದನ್ನು ತನ್ನ ಕೋಣೆಯಲ್ಲಿಟ್ಟು, ಬಾಗಿಲಲ್ಲಿ ಎಲ್ಲರ ಚಪ್ಪಲಿ ಬಿಡಿಸಿ ಒಳಗೆ ಬಿಡುತ್ತಿದ್ದ. ಮುಟ್ಟಿದವರಿಗೆಲ್ಲ ಮೈ ಜುಂ ಎನ್ನುತ್ತಿತ್ತು. ಮಷೀನಿನಲ್ಲಿ ಶಕ್ತಿ ಜಾಸ್ತಿ ಇದೆ ಎಂದು ಆತ ಅಭಿಮಾನದಿಂದಲೇ ಹೇಳಿದ. ಬರಿಗಾಲಲ್ಲಿ ನಿಂತು ನಾನು ಅಂಗೈ ಚಾಚಿದೆ. ಸಾಹೇಬರು ನನ್ನ ಮಣಿಕಟ್ಟು ಹಿಡಿದು ಕೈಯನ್ನು ಮಗುಚಿದರು. ಅನುಮಾನದ ಮಷೀನನ್ನು ಮೊದಲು ಕೈಯ ಹಿಂಬದಿಯಿಂದ ಸವರಬೇಕು. ಕರೆಂಟು ಹೊಡೆದರೆ ಕೈ ಮುದುಡುತ್ತದೆ, ಅಂಗೈಯಾದರೆ ಅದು ಮಷೀನನ್ನೇ ಹಿಡಿದುಕೊಂಡುಬಿಡುತ್ತದೆ. ಆಮೇಲೆ ಅವರು ಕಂಪ್ಯೂಟರಿನ ಕಡೆ ನೋಡಲೇ ಇಲ್ಲ. ಗೋಡೆಗುಂಟ ವೈರು ಹಿಡಿದು ಹೋದರು. ಮೂರು ಕಡ್ಡಿಯ ಪ್ಲಗ್ಗು ಗೋಡೆಯ ಎರಡು ತೂತಿಗೆ ಹೊಂದಲಿಲ್ಲವೆಂದು ಆ ವ್ಯಾಪಾರಿ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಮೂರನೆಯ ಕಡ್ಡಿಯನ್ನು ಇಕ್ಕಳದಿಂದ ಕತ್ತರಿಸಿ ಒಗೆದಿದ್ದ.

ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿ ಅರ್ಥಿಂಗ್ ಕೊಟ್ಟೆವು. ವಾಪಸು ಬರುವಾಗ ಸಾಹೇಬರು ಅಂದರು, "ಬೇಟಾ, ಡಬ್ಬಿ ಬಿಚ್ಚೋದು ಯಾರಿಗಾದ್ರೂ ಬರ್ತದ. ಅದರ ಹಿಂದ ಏನದ ಅಂತ ಮೊದ್ಲು ನೋಡು."

ನಾನು ವೈರಿನ ವಿಷಯ ಎಂದುಕೊಂಡೆ.

ಕೆಲವು ವರ್ಷಗಳ ಮೇಲೆ ಸ್ವಂತ ಅಂಗಡಿ ಹಾಕಿದೆ. ಹೈದರಾಬಾದಿನಿಂದ ಬಿಡಿ ಸಾಮಾನು ತಂದು ಜೋಡಿಸಿ ಮಾರುವುದು ನನ್ನ ಕೆಲಸ. ಅಂಗಡಿಯ ಮುಂದೆ ಒಂದು ಬೆಂಚು. ಮಷೀನಿನಿಂದ ಬಂದದ್ದಕ್ಕಿಂತ ಹೆಚ್ಚು ಸದ್ದು ಆ ಬೆಂಚಿನಿಂದ ಬಂದಿದೆ. ಕಲಬುರಗಿ ಕಡೆಯಿಂದ ಬಸ್ಸಿನಲ್ಲಿ ಪೇಪರು ಬಂದಿಳಿದ ಕೂಡಲೇ ಯಾರಾದರೊಬ್ಬರು ತಂತ್ರಜ್ಞಾನದ ಸುದ್ದಿಯನ್ನು ಗಟ್ಟಿಯಾಗಿ ಓದುತ್ತಿದ್ದರು, ಉಳಿದವರು ಅದನ್ನು ನಂಬದೆ ಜಗಳಕ್ಕೆ ಬೀಳುತ್ತಿದ್ದರು. ಬುದ್ಧಿ ಇರುವುದು ಟೀವಿಯಂಥದ್ದರಲ್ಲೋ ಕೆಳಗಿನ ಡಬ್ಬಿಯಲ್ಲೋ ಎಂಬ ವಾದ ಒಂದು ಇಡೀ ಬೇಸಿಗೆ ನಡೆಯಿತು. ಕಂಪನಿ ಮಾಲೇ ಒಳ್ಳೆಯದು ಎನ್ನುವವರು ನನ್ನ ಚಹಾವನ್ನೇ ಕುಡಿದು ನನ್ನ ಎದುರಿಗೇ ನನ್ನ ಮಾಲಿನಲ್ಲಿ ಹುಳುಕು ಹುಡುಕುತ್ತಿದ್ದರು. ಬಟ್ಟೆ ಅಂಗಡಿಯ ಒಬ್ಬರು ಮುಂದಿನ ತಿಂಗಳು ರೇಟು ಇಳಿಯುತ್ತದೆ ಎಂದು ಪೇಪರಿನಲ್ಲಿ ಓದಿ, ಪ್ರತಿ ತಿಂಗಳೂ ಮುಂದಿನ ತಿಂಗಳಿಗೆ ಕಾದು, ನಾನು ಅಂಗಡಿ ಮುಚ್ಚುವವರೆಗೂ ಕೊಳ್ಳಲಿಲ್ಲ. ರೇಟು ಮಾತ್ರ ಅವರು ಹೇಳಿದಂತೆಯೇ ಇಳಿಯುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ವಾದ ಆಟದ್ದು. ಇದರಲ್ಲಿ ನಾನೇ ಕಕ್ಷಿದಾರ. ಹೈದರಾಬಾದಿನ ಫುಟ್‌ಪಾತಿನಲ್ಲಿ ಕೊಂಡ ಒಂದು ಸೀಡಿ ನನ್ನ ಹತ್ತಿರ ಇತ್ತು, ಕಾರು ರೇಸಿನ ಆಟ. ನಾನು ಮಾರಿದ ಪ್ರತಿ ಮಷೀನಿಗೂ ಅದನ್ನು ಪುಕ್ಕಟೆ ಹಾಕಿಕೊಡುತ್ತಿದ್ದೆ. ದೊಡ್ಡ ದುಡ್ಡು ಸುರಿದ ಮನುಷ್ಯ ಮನೆಗೆ ಹೋಗಿ ಬಟನ್ ಒತ್ತಿದರೆ ಒಂದು ಖಾಲಿ ಪರದೆ ಕಂಡರೆ ಅವನ ಮುಖ ಹೇಗಾಗುತ್ತದೆ ಎಂದು ನಾನು ಬಲ್ಲೆ. ಅದೇ ಒಂದು ಕೆಂಪು ಕಾರು ಗುಡುಗುತ್ತ ಬಂದರೆ ಹೆಂಡತಿ ಮಕ್ಕಳೆಲ್ಲ ಸೇರುತ್ತಾರೆ, ಮಾಣಿಕಪ್ಪನ ಮಾಲು ಚಲೋ ಅದ ಎನ್ನುತ್ತಾರೆ. ಹುಮನಾಬಾದ್, ಚಿಟಗುಪ್ಪ, ಬಸವಕಲ್ಯಾಣ, ಎಲ್ಲ ಕಡೆ ನನ್ನ ಕೆಂಪು ಕಾರು ಓಡುತ್ತಿತ್ತು. ಆ ಕಾರಿನ ಸೀಟಿನಲ್ಲಿ ಇನ್ನೊಬ್ಬರು ಕುಳಿತು ಬರುತ್ತಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ.

ಆಟ ಮಕ್ಕಳನ್ನು ಹಾಳು ಮಾಡುತ್ತದೆ ಎಂದು ಬೆಂಚಿನ ಮೇಲೆ ಗಟ್ಟಿಯಾಗಿ ವಾದಿಸಿದವರು ಗುರುಪಾದಪ್ಪ ಮಾಸ್ತರರು. ಬಸವಕಲ್ಯಾಣದವರು, ಹೆಡ್‌ಮಾಸ್ತರಾಗಿ ನಿವೃತ್ತರಾದವರು, ವಾರಕ್ಕೊಮ್ಮೆ ಮಗಳ ಮನೆಗೆಂದು ಹುಮನಾಬಾದಿಗೆ ಬರುತ್ತಿದ್ದರು. ಬಗಲಲ್ಲಿ ಯಾವಾಗಲೂ ಒಂದು ಚೀಲ, ಚೀಲದಲ್ಲಿ ಉದ್ದನೆಯ ನೋಟುಬುಕ್ಕು. ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಬೀಸುವಾಗ, ಕಳೆ ತೆಗೆಯುವಾಗ ಹಾಡುವ ಪದಗಳನ್ನು ಹತ್ತು ವರ್ಷ ತಿರುಗಿ ಬರೆದುಕೊಂಡಿದ್ದರು. ಹದಿನಾಲ್ಕು ನೋಟುಬುಕ್ಕು. ಪುಸ್ತಕ ಮಾಡಬೇಕು ಎಂಬುದೊಂದೇ ಅವರಿಗೆ ಉಳಿದ ಆಸೆ. ಹಾಡಿದವರಲ್ಲಿ ಕೆಲವರು ಆಗಲೇ ತೀರಿಕೊಂಡಿದ್ದರು.

ಒಂದು ದಿನ ವಾದ ಕಾಗದ ಹೆಚ್ಚೋ ಕಂಪ್ಯೂಟರ್ ಹೆಚ್ಚೋ ಎಂಬಲ್ಲಿಗೆ ಬಂತು. ಇನ್ನು ಮುಂದೆ ಕಾಗದವೇ ಇರುವುದಿಲ್ಲ ಎಂದು ಪೇಪರಿನಲ್ಲಿ ಬಂದಿತ್ತು. ಅದನ್ನು ಕಾಗದದ ಮೇಲೆಯೇ ಅಚ್ಚು ಹಾಕಿದ್ದಾರಲ್ಲ ಎಂದು ಮಾಸ್ತರರು ಕೇಳಿದರು. ಬೆಂಚು ನಕ್ಕಿತು. ನನಗೆ ಮುಖಭಂಗವಾಯಿತು. ಅಂಗಡಿ ನನ್ನದು, ಚಹಾ ನನ್ನದು, ಗೆಲುವು ಅವರದೇ? ಎದ್ದುನಿಂತೆ. ನಿಮ್ಮ ನೋಟುಬುಕ್ಕಿಗೆ ಗೆದ್ದಲು ಹಿಡಿಯುತ್ತದೆ, ಹುಳ ತಿನ್ನುತ್ತದೆ, ಮಸಿ ಹಾರುತ್ತದೆ. ಕಂಪ್ಯೂಟರಿನಲ್ಲಿ ಒಮ್ಮೆ ಹಾಕಿದ್ದು ಕಾಯಂ ಎಂದು ಹೇಳಿದೆ. ಕಾಯಂ ಎಂಬ ಮಾತನ್ನು ಮೂರು ಸಲ ಹೇಳಿದ್ದು ನೆನಪಿದೆ. ಮಾಸ್ತರರು ಒಳ್ಳೆಯ ವಿದ್ಯಾರ್ಥಿಯ ಹಾಗೆ ಕೇಳಿಸಿಕೊಂಡರು. ಮುಂದಿನ ತಿಂಗಳು ಬಂದು ಒಂದು ಕಂಪ್ಯೂಟರ್, ಜೊತೆಗೊಂದು ಪ್ರಿಂಟರ್ ಕೊಂಡರು.

ಮಷೀನು ಅವರ ಪಡಸಾಲೆಯಲ್ಲಿ ಕೂತಿತು, ಡಬ್ಬಿಯ ಹಣೆಗೆ ಮೂರೆಳೆ ವಿಭೂತಿ. ಟೈಪು ಮಾಡಲು ಮೋರಖಂಡಿಯ ಸುನೀತಾ ಬಂದಳು. ತಂದೆ ತಾಯಿ ಇಬ್ಬರೂ ಹೊಲದ ಕೂಲಿಯವರು. ಇವಳು ಡಿಗ್ರಿ ಮುಗಿಸಿ, ಟೈಪಿಂಗ್ ಕಲಿತಿದ್ದಳು. ಹಾಡು ಟೈಪು ಮಾಡುವುದಕ್ಕೆ ಸಂಬಳ, ಬಿಡುವಿನಲ್ಲಿ ಅದೇ ಮಷೀನಿನಲ್ಲಿ ಲಗ್ನಪತ್ರಿಕೆಯ ಕೆಲಸ ಮಾಡಿಕೊಳ್ಳಬಹುದು ಎಂದು ಮಾಸ್ತರರೊಡನೆ ಅವಳೇ ಮಾತಾಡಿಕೊಂಡಿದ್ದಳು. ಕನ್ನಡದ ಸಾಫ್ಟ್‌ವೇರನ್ನು ಕಲಬುರಗಿಯ ಒಬ್ಬರು ಬಂದು ಹಾಕಿಹೋದರು. ಅದು ನನ್ನ ಕೆಲಸವಲ್ಲ, ನಾನು ಡಬ್ಬಿಯವನು.

ತಿಂಗಳೊಳಗೆ ಮಷೀನು ನಡುನಡುವೆ ಸ್ತಬ್ಧವಾಗತೊಡಗಿತು. ಮೂರು ಸಲ ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಹೋದೆ. ನಾನು ಕೂತಷ್ಟು ಹೊತ್ತೂ ಅದು ಹಸುವಿನಂತೆ ಇರುತ್ತಿತ್ತು, ನಾನು ಬಸ್ಸು ಹತ್ತಿದ ಮೇಲೆ ಕೆಡುತ್ತಿತ್ತು. ರ‍್ಯಾಮ್ ಬದಲಿಸಿದೆ, ಫ್ಯಾನು ಬದಲಿಸಿದೆ, ಒಮ್ಮೆ ಮಷೀನಿನ ಮುಖ ಪೂರ್ವಕ್ಕೆ ತಿರುಗಿಸಿ ನೋಡಿದೆ, ಇದನ್ನು ಯಾರಿಗೂ ಹೇಳಿಲ್ಲ. ನಾಲ್ಕನೆಯ ಸಲ ಮರೆತ ಛತ್ರಿಗೆಂದು ಹಿಂತಿರುಗಿ ಬಂದಾಗ ನೋಡುತ್ತೇನೆ, ಸುನೀತಾ ಚಾಲೂ ಇದ್ದ ಡಬ್ಬಿಗೆ ಕಸೂತಿ ಹಾಕಿದ ದಪ್ಪ ಗಲೀಫು ತೊಡಿಸಿ, ಕೆಳಗೆ ಲಾಡಿ ಕಟ್ಟುತ್ತಿದ್ದಾಳೆ. ಮಾಸ್ತರರ ಮನೆಯವರು ದಿನಗಟ್ಟಲೆ ಕೂತು ಹೊಲಿದದ್ದು. ಒಳಗೆ ಮಷೀನು ಬೇಯುತ್ತಿತ್ತು.

"ಯಾಕವ್ವಾ, ಉಸಿರು ಕಟ್ಟಿ ಕೊಲ್ಲಾಕತ್ತೀ ಏನು ಅದನ್ನ?" ಎಂದೆ.

"ಧೂಳೇ ಇದರ ವೈರಿ ಅಂತ ನೀವೇ ಹೇಳೀರಿ, ಮಾಣಿಕಣ್ಣ. ನೀವು ಬಂದಾಗ ಮರ್ಯಾದಿಗಿ ತೆಗೀತೀವ್ರಿ."

ಅಂದು ಚಹಾ ಕುಡಿಯುತ್ತ, ಎಷ್ಟು ನೋಟುಬುಕ್ಕು ಮುಗಿದವು ಎಂದು ಸುಮ್ಮನೆ ಕೇಳಿದೆ. ಒಂಬತ್ತು ಎಂದರು ಮಾಸ್ತರರು. ಮುಗಿದವುಗಳನ್ನು ಜೋಪಾನವಾಗಿಟ್ಟಿದ್ದೀರಲ್ಲ ಎಂದೆ. ಅವರು ಸಹಜವಾಗಿ ಹೇಳಿದರು: ಅಕ್ಷರ ಬರೆದ ಕಾಗದವನ್ನು ರದ್ದಿಗೆ ಹಾಕಲಾಗುತ್ತದೆಯೇ, ಅದರಲ್ಲಿ ಯಾರೋ ಭಜಿ ಕಟ್ಟಿಕೊಟ್ಟರೆ? ಒಂದೊಂದು ಮುಗಿದ ಹಾಗೆ, ಅರಿಶಿನ ಕುಂಕುಮ ಹಚ್ಚಿ, ತ್ರಿಪುರಾಂತ ಕೆರೆಯ ನೀರಿಗೆ ಬಿಟ್ಟು ಬಂದಿದ್ದರು.

ನನ್ನ ಬಸಿಯಲ್ಲಿದ್ದ ಚಹಾ ತೊಡೆಯ ಮೇಲೆ ಬಿತ್ತು. ಇನ್ನು ಮುಂದಿನವನ್ನು ಬಿಡಬೇಡಿ ಎಂದು ಹೇಳಬೇಕಿತ್ತು. ಆದರೆ ಹಾಗೆ ಹೇಳಿದರೆ, ಕಾಯಂ ಎಂದವನು ನೀನೇ ಅಲ್ಲವೇ ಎಂದು ಕೇಳುತ್ತಾರೆ. ಬೆಂಚಿನ ಮೇಲೆ ಗೆದ್ದ ವಾದವನ್ನು ನಾನು ಪಡಸಾಲೆಯಲ್ಲಿ ಸೋಲಲು ತಯಾರಿರಲಿಲ್ಲ. ಛತ್ರಿ ಎತ್ತಿಕೊಂಡು ಹೊರಟೆ. ಹದಿನಾಲ್ಕೂ ನೋಟುಬುಕ್ಕು ಕೆರೆಗೆ ಹೋದವು. ಅಂಗೈಯಗಲದ ಪುಟ್ಟ ಡಿಸ್ಕು, ಆ ಫ್ಲಾಪಿಯಲ್ಲಿ ಒಂದು ನಕಲು ತೆಗೆದಿಡಿ ಎಂದು ಕೂಡ ಹೇಳಲಿಲ್ಲ. ಕಾಯಂ ಇರುವುದಕ್ಕೆ ನಕಲು ಯಾಕೆ ಎಂದಾರು.

ಆ ಬೇಸಿಗೆಯಲ್ಲಿ ಪೇಪರಿನಲ್ಲಿ ಆ ಸುದ್ದಿ ಬಂತು. ಈ ತಿಂಗಳ ಇಪ್ಪತ್ತಾರನೇ ತಾರೀಖಿಗೆ ಏಳುವ ವೈರಸ್ಸೊಂದು ಜಗತ್ತಿನ ಕಂಪ್ಯೂಟರುಗಳೊಳಗೆ ಮಲಗಿದೆಯಂತೆ. ಎದ್ದರೆ ಡಿಸ್ಕು ಒರೆಸಿ ಹಾಕಿ, ಮಷೀನನ್ನೇ ಕೊಲ್ಲುತ್ತದಂತೆ. ಬೆಂಚು ಎರಡಾಯಿತು. ವೈರಸ್ಸು ಔಷಧದ ಕಂಪನಿಯವರೇ ಹಬ್ಬಿಸಿದ ಸುಳ್ಳು ಎಂದು ಅರ್ಧ ಜನ, ಮಷೀನಿಗೆ ನೆಗಡಿಯಾದರೆ ಮಾಲೀಕನಿಗೆ ತಗಲುತ್ತದೆಯೇ ಎಂದು ಇನ್ನರ್ಧ. ನಾನು ನಿದ್ದೆಗೆಟ್ಟೆ. ಇಪ್ಪತ್ತಾರೇ ಬರದಿದ್ದರೆ ಅದು ಏಳುವುದು ಹೇಗೆ ಎಂಬ ಉಪಾಯ ಹೊಳೆಯಿತು. ಇಪ್ಪತ್ತೈದಕ್ಕೆ ಬೆಳಗಿನಿಂದ ಊರೂರು ತಿರುಗಿ, ನಾನು ಮಾರಿದ ಮಷೀನುಗಳ ತಾರೀಖನ್ನು ಎರಡು ದಿನ ಮುಂದಕ್ಕೆ, ಇಪ್ಪತ್ತೇಳಕ್ಕೆ ತಳ್ಳಿದೆ. ಜನ ಕಾಲಿಗೆ ಬೀಳುವುದೊಂದು ಬಾಕಿ. ಆ ವೈರಸ್ಸು ಎಲ್ಲಿಂದ ಬರುತ್ತದೆ ಎಂದು ಒಬ್ಬರು ಕೇಳಿದರು. ಎಲ್ಲೋ ಪರದೇಶದಿಂದ ಎಂದೆ, ಕೈಯಲ್ಲಿ ಸೀಡಿಗಳ ಚೀಲ ಹಿಡಿದುಕೊಂಡು.

ಬಸವಕಲ್ಯಾಣದಲ್ಲಿ ಮಾಸ್ತರರ ಮನೆಗೆ ಕೊನೆಯಲ್ಲಿ ಹೋದೆ. ಅವರು ಸ್ನಾನಕ್ಕೆ ಹೋಗಿದ್ದರು, ಸುನೀತಾ ಎರಡು ದಿನ ರಜೆ ಹಾಕಿದ್ದಳು. ತಾರೀಖು ಬದಲಿಸಿ, ನಾಳೆ ಏನೂ ಚಿಂತಿಸಬೇಡಿ ಎಂದು ಅವರ ಮನೆಯವರಿಗೆ ಹೇಳಿ, ಬಸ್ಸು ತಪ್ಪುತ್ತದೆಂದು ಓಡಿದೆ. ಯಾಕೆ ಬದಲಿಸಿದೆ ಎಂದು ಹೇಳಲಿಲ್ಲ.

ಮಾಸ್ತರರು ನಲವತ್ತು ವರ್ಷ ದಿನಾ ಬೆಳಿಗ್ಗೆ ಕರಿಹಲಗೆಯ ಮೇಲೆ ತಾವೇ ತಾರೀಖು ಬರೆದವರು. ಇಪ್ಪತ್ತಾರರ ಬೆಳಿಗ್ಗೆ ಮಷೀನು ಚಾಲೂ ಮಾಡಿದರೆ ಮೂಲೆಯಲ್ಲಿ ತಾರೀಖು ಮುಂದಿದೆ. ಕ್ಯಾಲೆಂಡರ್ ನೋಡಿದರು. ಸುನೀತಾ ಕಲಿಸಿದ್ದು ನೆನಪಿಸಿಕೊಂಡು, ಕನ್ನಡಕ ಮೇಲೇರಿಸಿ, ತಾವೇ ಅದನ್ನು ಸರಿಯಾಗಿ ಇಪ್ಪತ್ತಾರಕ್ಕೆ ತಂದರು.

ಮಧ್ಯಾಹ್ನ ಎಸ್‌ಟಿಡಿ ಬೂತಿನಿಂದ ಮಾಸ್ತರರ ಫೋನು ಬಂತು. ಪರದೆ ಕಪ್ಪಾಗಿದೆ, ಒತ್ತಿದರೆ ಏಳುವುದಿಲ್ಲ ಎಂದರು. ತಾರೀಖು ಸರಿಮಾಡಿದ್ದನ್ನು ಅವರೇ ಹೇಳಿದರು, ನನ್ನ ತಪ್ಪನ್ನು ತಿದ್ದಿದ ಧ್ವನಿಯಲ್ಲಿ. ಫೋನಿಟ್ಟ ಮೇಲೆ ನನಗೆ ಸ್ಟೂಲು ಎಲ್ಲಿದೆ ಎಂದು ಕಾಣಲಿಲ್ಲ. ನೆಲದ ಮೇಲೆಯೇ ಕೂತೆ. ಒಂದು ಮಾತು ಮಾತ್ರ ತಿಳಿಯಲಿಲ್ಲ. ಸೋಂಕಿದ ಪ್ರೋಗ್ರಾಮನ್ನು ಆ ದಿನ ಯಾರಾದರೂ ತೆರೆದರೆ ಮಾತ್ರ ಅದು ಏಳುತ್ತದೆ ಎಂದು ಪೇಪರಿನಲ್ಲಿತ್ತು. ಸುನೀತಾ ಇರಲಿಲ್ಲ. ಮಾಸ್ತರರಿಗೆ ಹಾಡಿನ ಫೈಲು ತೆರೆದು ಓದುವುದು ಬಿಟ್ಟರೆ ಏನೂ ಬರುತ್ತಿರಲಿಲ್ಲ.

ಮರುದಿನ ಡಿಸ್ಕನ್ನು ಬಿಚ್ಚಿ, ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಹೈದರಾಬಾದಿಗೆ ಹೋದೆ. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದೆ. ಪಕ್ಕದಲ್ಲಿದ್ದಾಕೆ ಕೂಸಿಗೆ ಜ್ವರವೇ ಎಂದು ಕೇಳಿದಳು. ಅಲ್ಲಿ ಅಳಿಸಿಹೋದ ಡೇಟಾ ಮರಳಿ ತೆಗೆಯುವ ಒಬ್ಬ ಜಾಣ, ತೆಲುಗು ಮಾತಾಡುವವನು, ಡಿಸ್ಕನ್ನು ತನ್ನ ಮಷೀನಿಗೆ ಜೋಡಿಸಿ ತಾಸುಗಟ್ಟಲೆ ಹುಡುಕಿದ. ಮೊದಲು ಅವನು ಹೇಳಿದ್ದು, ಈ ವೈರಸ್ಸು ಹೆಚ್ಚಾಗಿ ಕಳ್ಳ ಸೀಡಿಗಳ ಆಟದೊಳಗೆ ಬರುತ್ತಿದೆ, ಇದರಲ್ಲೂ ಒಂದು ಕಾರಿನ ಆಟ ಇತ್ತಲ್ಲವೇ ಎಂದು. ನಾನು ತಲೆಯಾಡಿಸಿದೆ. ಆಡಿದ್ದು ಹೌದೆಂದೋ ಅಲ್ಲವೆಂದೋ ನನಗೇ ತಿಳಿಯಲಿಲ್ಲ. ಹುಮನಾಬಾದ್, ಚಿಟಗುಪ್ಪ, ಬಸವಕಲ್ಯಾಣ, ಒಂದೊಂದು ಪಡಸಾಲೆಯೂ ಕಣ್ಣ ಮುಂದೆ ಬಂತು. ಊರಿಗೆಲ್ಲ ರೋಗ ಹಂಚಿ, ಆಮೇಲೆ ಊರೂರು ತಿರುಗಿ ಅದಕ್ಕೆ ತಾರೀಖಿನ ಔಷಧ ಕೊಟ್ಟವನು ನಾನು.

ಆಮೇಲೆ ಅವನು ಪರದೆಯ ಮೇಲೆ ಏನನ್ನೋ ತಂದು ತೋರಿಸಿದ. ಕೆಲವು ಚೂರುಗಳು ಸಿಕ್ಕಿವೆ, ಇವು ನಿಮ್ಮ ಕೆಲಸಕ್ಕೆ ಬರುತ್ತವೆಯೇ ನೋಡಿ ಎಂದ. ನೋಡಿದೆ. ಇಂಗ್ಲಿಷ್ ಅಕ್ಷರಗಳು, ಅವುಗಳ ನಡುವೆ ಪ್ರಶ್ನೆಯ ಗುರುತು, ಡಾಲರ್ ಗುರುತು, ತಲೆಯ ಮೇಲೆ ಎರಡು ಚುಕ್ಕೆ ಇಟ್ಟುಕೊಂಡ ಯಾವುದೋ ದೇಶದ ಅಕ್ಷರಗಳು. ಯಾವ ಭಾಷೆಯೂ ಅಲ್ಲ. ಎರಡು ಸಾಲು ಬೇರೆ ಬೇರೆ, ಮೂರನೆಯ ಸಾಲು ಪ್ರತಿ ಸಲ ಅದದೇ. ಡಿಸ್ಕಿನ ತಲೆ ಕೆಟ್ಟು ಒಂದೇ ಮಾತನ್ನು ಬಡಬಡಿಸುತ್ತಿದೆ ಎಂದು ಅವನು ನಕ್ಕ. ನಾನೂ ನಕ್ಕೆ. ನಾವು ಬರೆದದ್ದು ಕನ್ನಡ, ಇದು ಬರೀ ಕಸ ಎಂದೆ. ಹಾಗಾದರೆ ಒರೆಸಿ ಶುದ್ಧ ಮಾಡಿಕೊಡಲೇ, ಡಿಸ್ಕಾದರೂ ಉಳಿಯುತ್ತದೆ ಎಂದ. ಮಾಡು ಎಂದೆ.

ಶುದ್ಧವಾದ ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ವಾಪಸು ಬಂದೆ.

ಏನೂ ಉಳಿದಿಲ್ಲ ಎಂದು ಹೇಳಿದಾಗ ಮಾಸ್ತರರು ಬೈಯಲಿಲ್ಲ. ಪಡಸಾಲೆಯ ಗೋಡೆಯ ಕ್ಯಾಲೆಂಡರನ್ನು ನೋಡುತ್ತ ಕೂತರು. ಹಾಗೆ ಕೂತವರನ್ನು ನೋಡುವುದಕ್ಕಿಂತ ಬೈಸಿಕೊಳ್ಳುವುದು ಸುಖ. ರಜೆ ಮುಗಿಸಿ ಬಂದ ಸುನೀತಾ ಎಲ್ಲ ಕೇಳಿಸಿಕೊಂಡು, ಬಂದ ದಾರಿಯಲ್ಲೇ ತಿರುಗಿ ಮೋರಖಂಡಿಗೆ ಹೋದಳು. ಸಿಟ್ಟಾದಳು ಎಂದುಕೊಂಡೆವು. ಸಂಜೆಯ ಬಸ್ಸಿಗೆ ಒಂದು ಗಂಟು ತಂದು ಮಾಸ್ತರರ ಮುಂದಿಟ್ಟಳು. ಕೆಟ್ಟುಹೋದ ಲಗ್ನಪತ್ರಿಕೆಯ ಹಾಳೆಗಳು. ತಿರುಗಿಸಿದರೆ ಹಿಂಬದಿಗೆ ಹಾಡು. ಒಂದು ಮಗ್ಗುಲಲ್ಲಿ ಯಾರದೋ ಮದುವೆ, ಇನ್ನೊಂದರಲ್ಲಿ ಬೀಸುವ ಪದ. ಹಾಡಿನ ಮೇಲೆಲ್ಲ ಪೆನ್ಸಿಲಿನ ಗೀಟು.

ನಡೆದದ್ದು ಹೀಗೆ. ಟೈಪು ಮಾಡಿದ್ದನ್ನು ಅವಳು ಹಾಳೆಯ ಹಿಂಬದಿಗೆ ಮುದ್ರಿಸಿ ಮನೆಗೆ ಒಯ್ದು, ಹಾಡಿದವರಿಗೇ ಓದಿ ಹೇಳುತ್ತಿದ್ದಳು. ಅವರಲ್ಲಿ ಅವಳ ಆಯಿಯೂ ಒಬ್ಬಳು, ಅಂದರೆ ಅಜ್ಜಿ. ಓದಿದ ಮೊದಲ ದಿನವೇ ಆಯಿ, ಇದು ನಾ ಹಾಡಿದ್ದಲ್ಲ, ಸಾಲಿ ಮಾಸ್ತರ ಹಾಡಿದ್ದು ಎಂದಳಂತೆ. ಮಾಸ್ತರರು ತಮಗೆ ತಿಳಿಯದ ಹಾಗೆ ಅವರ ಮಾತನ್ನೆಲ್ಲ ಪುಸ್ತಕದ ಕನ್ನಡಕ್ಕೆ ತಿದ್ದಿಬಿಟ್ಟಿದ್ದರು. ಆಯಿ ಹೇಳಿದಂತೆ, ನೆರೆಹೊರೆಯ ಹಳ್ಳಿಗಳ ಇನ್ನುಳಿದ ಹೆಂಗಸರು ಹೇಳಿದಂತೆ ಸುನೀತಾ ಪೆನ್ಸಿಲಿನಿಂದ ಒಂದೊಂದೇ ಮಾತನ್ನು ವಾಪಸು ತಂದಿದ್ದಳು.

"ಇಷ್ಟು ದಿನ ಯಾಕ ಹೇಳಲಿಲ್ಲವ್ವಾ?" ಎಂದರು ಮಾಸ್ತರರು.

"ನೀವು ಬ್ಯಾಸರ ಮಾಡ್ಕೋತೀರಿ ಅಂತ್ರಿ, ಸರ್ರ. ಮತ್ತ ಮಷೀನ್ ಮ್ಯಾಲ ನಂಗ ಅಷ್ಟು ಭರೋಸಾ ಇದ್ದಿಲ್ರಿ." ಹೀಗೆ ಹೇಳುವಾಗ ಅವಳು ನೋಡಿದ್ದು ಮಷೀನನ್ನಲ್ಲ, ನನ್ನನ್ನು.

ಎಣಿಸಿದೆವು. ಹದಿನಾಲ್ಕರಲ್ಲಿ ಹನ್ನೊಂದು ನೋಟುಬುಕ್ಕಿನಷ್ಟು ಇತ್ತು. ಇಲ್ಲದ್ದು ದುಬಲಗುಂಡಿಯ ಭಾಗಮ್ಮನದು. ಭಾಗಮ್ಮ ಒಬ್ಬಳೇ ಮೂರು ನೋಟುಬುಕ್ಕು ತುಂಬ ಹಾಡಿದ್ದಳು, ಎಲ್ಲರಿಗಿಂತ ದೊಡ್ಡ ಹಾಡುಗಾರ್ತಿ ಎಂದು ಮಾಸ್ತರರು ಹೇಳುತ್ತಿದ್ದರು. ಅವಳು ತೀರಿಕೊಂಡು ಒಂದು ವರ್ಷವಾಗಿತ್ತು. ಓದಿ ಕೇಳಿಸಲು ಅವಳಿಲ್ಲ ಎಂದು ಅವನ್ನು ಸುನೀತಾ ಮುದ್ರಿಸಿಯೇ ಇರಲಿಲ್ಲ.

ಹನ್ನೊಂದು ಸಿಕ್ಕ ಸಂತೋಷಕ್ಕೆ ನಾನು ಸತ್ತ ಮದರ್‌ಬೋರ್ಡನ್ನು ಬದಲಿಸಿ, ಅದೇ ಡಿಸ್ಕನ್ನು ಕೂರಿಸಿ, ಮಷೀನನ್ನು ಎಬ್ಬಿಸಿಕೊಟ್ಟೆ. ಆಟ ಹಾಕಲಿಲ್ಲ. ಸುನೀತಾ ತನ್ನ ಒಂದು ಲಗ್ನಪತ್ರಿಕೆಯನ್ನು ಫ್ಲಾಪಿಯಲ್ಲಿಟ್ಟುಕೊಂಡಿದ್ದಳು. ಮಷೀನು ಓದುತ್ತದೆಯೋ ಇಲ್ಲವೋ ನೋಡೋಣ ಎಂದು ಅದನ್ನು ಹಾಕಿ ತೆರೆದಳು.

ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಬಂದವು. ಪ್ರಶ್ನೆಯ ಗುರುತು, ಡಾಲರ್ ಗುರುತು, ತಲೆಯ ಮೇಲೆ ಎರಡು ಚುಕ್ಕೆ.

ಫ್ಲಾಪಿಯೂ ಕೆಟ್ಟಿತಲ್ಲ ಎಂದೆ.

"ಕೆಟ್ಟಿಲ್ರಿ ಅಣ್ಣ. ಕನ್ನಡದ ಫಾಂಟ್ ಇನ್ನೂ ಹಾಕಿಲ್ಲಲ್ರಿ ಇದರಾಗ. ಹಾಕೋತನಕ ಕನ್ನಡ ಹೀಂಗೇ ಕಾಣ್ತದ."

ಕಲಬುರಗಿಯಿಂದ ಬಂದ ಮನುಷ್ಯ ಮೊದಲೇ ಎಲ್ಲ ಹಾಕಿಕೊಟ್ಟಿದ್ದರಿಂದ, ಅಕ್ಷರದ ಅಂಗಿ ತೊಡದ ಕನ್ನಡವನ್ನು ನಾನು ಯಾವತ್ತೂ ನೋಡಿರಲಿಲ್ಲ. ಕಂಪ್ಯೂಟರ್ ಮಾರುವವನು, ಕಾಯಂ ಎಂದು ವಾದ ಗೆದ್ದವನು. ಹೈದರಾಬಾದಿನಲ್ಲಿ ಕಂಡದ್ದನ್ನು ಸುನೀತಾಳಿಗೆ ಹೇಳಿದೆ. ಮೂರನೆಯ ಸಾಲು ಪ್ರತಿ ಸಲ ಅದೇ ಬರುತ್ತಿತ್ತು ಎಂದೆ. ಅವಳ ಕೈ ಕೀಬೋರ್ಡಿನ ಮೇಲೆ ಇದ್ದಲ್ಲೇ ನಿಂತಿತು.

"ಎರಡು ಸಾಲಿಗೊಮ್ಮಿ ತಿರುಗಿ ಅದೇ ಸಾಲು ಬರೋದು ಭಾಗಮ್ಮನ ಹಾಡಿನ್ಯಾಗ ಅಷ್ಟೇ ರೀ," ಎಂದಳು. "ಆಕಿ ಹಂಗೇ ಹಾಡ್ತಿದ್ದಳು."

ಒಳಗೆ ಮಾಸ್ತರರು ಯಾರಿಗೋ ಹನ್ನೊಂದು ಸಿಕ್ಕಿತು ಎಂದು ಹೇಳುತ್ತಿದ್ದದ್ದು ಕೇಳುತ್ತಿತ್ತು. ಹೇಳದೆ ಹೋಗಬಹುದಿತ್ತು. ವೈರಸ್ಸು ತಿಂದಿತು ಎಂದು ಅವರು ಒಪ್ಪಿಕೊಂಡಾಗಿತ್ತು. ಸುನೀತಾ ನನ್ನ ಮುಖ ನೋಡಿ, ತಾನು ಹೇಳುವವಳಲ್ಲ ಎಂಬಂತೆ ಎದ್ದು ಹೊರಗೆ ಹೋದಳು. ಚಪ್ಪಲಿ ಹಾಕಿಕೊಂಡು ಅಂಗಳದವರೆಗೆ ಹೋದೆ. ಬೀಗ ಎಳೆದು ನೋಡಲು ತಿರುಗಿ ಬರುವವನ ಕಾಲು ನನ್ನದು. ತಿರುಗಿ ಬಂದೆ.

ಎಲ್ಲ ಹೇಳಿದೆ. ಕಳ್ಳ ಸೀಡಿಯಿಂದ ಶುರುಮಾಡಿ ಮಾಡು ಎಂದದ್ದರವರೆಗೆ.

ಮಾಸ್ತರರು ಒಂದೇ ಪ್ರಶ್ನೆ ಕೇಳಿದರು. "ಎಷ್ಟು ಇತ್ತು ಮಾಣಿಕಪ್ಪ? ಎಷ್ಟು ಸಾಲು ಕಂಡವು?"

"ಪರದಿ ತುಂಬ ಇತ್ತು ಸರ್ರ. ಕೆಳಗ ಇನ್ನೂ ಇತ್ತು."

ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡರು. ಆಮೇಲೆ, ಹೆಡ್‌ಮಾಸ್ತರರ ಮುಂದೆ ನಿಂತ ಹುಡುಗನ ದನಿಯಲ್ಲಿ, ತಾವೇ ಹೇಳತೊಡಗಿದರು. "ಆವತ್ತು ತಾರೀಖು ಸರಿ ಮಾಡಿದೆ. ಆಮ್ಯಾಲ... ಆ ಕಾರ್ ಹಚ್ಚಿದೆ ತಮ್ಮಾ. ಸುನೀತಾ ಇಲ್ಲದಾಗ ದಿನಾ ಹಚ್ತಿದ್ದೆ. ಆವತ್ತು ಮೂರನೇ ನಂಬರಿಗೆ ಬಂದಿದ್ದೆ."

ನಗು ಬಂದಿರಬೇಕಿತ್ತು. ಬೆಂಚಿನ ಮೇಲೆ ಆಟದ ವಿರುದ್ಧ ಅವರು ಮಾಡಿದ ಭಾಷಣಗಳೆಲ್ಲ ನನಗೆ ಬಾಯಿಪಾಠ. ಇಬ್ಬರೂ ನಗಲಿಲ್ಲ. ರೋಗ ನಾನು ತಂದಿಟ್ಟೆ, ದಿನ ಅವರು ತಂದಿಟ್ಟರು, ಸಿಕ್ಕಿದ್ದನ್ನು ನಾನು ಒರೆಸಿದೆ.

ಮುಂದಿನ ವಾರ ಮೂವರೂ ದುಬಲಗುಂಡಿಗೆ ಹೋದೆವು. ಭಾಗಮ್ಮನ ಸೊಸೆ ಹೊಲದಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದಳು. ಅತ್ತೆಯ ಹಾಡು ನೆನಪಿದೆಯೇ ಎಂದು ಕೇಳಿದೆವು. ಮೂವತ್ತು ವರ್ಷ ಕಿವಿಯ ಹತ್ತಿರವೇ ಹಾಡಿದಳು, ಅದಕ್ಕೆ ಕೇಳಲಿಲ್ಲ ಎಂದಳು. ಬಹಳ ಯೋಚಿಸಿ, ತಿರುಗಿ ತಿರುಗಿ ಬರುವ ಆ ಒಂದು ಸಾಲನ್ನು ಮಾತ್ರ, ನಾಚಿಕೆಯಿಂದ, ಹಾಡದೆ ಬರೀ ಹೇಳಿದಳು. ಸುನೀತಾ ಪೆನ್ಸಿಲಿನಲ್ಲಿ ಬರೆದುಕೊಂಡಳು, ಕಾಗದದ ಮೇಲೆ.

ಆ ವರ್ಷದ ಕೊನೆಗೆ ಬೆಂಚಿನ ಮೇಲೆ ಹೊಸ ಗದ್ದಲ. ಎರಡು ಸಾವಿರದ ಇಸವಿ ಬಂದ ಗಳಿಗೆ ಎಲ್ಲ ಕಂಪ್ಯೂಟರೂ ನಿಲ್ಲುತ್ತವೆ, ವಿಮಾನ ಬೀಳುತ್ತವೆ ಎಂದು ಪೇಪರು ಬರೆದಿತ್ತು. ತಾರೀಖು ಹಿಂದಕ್ಕೆ ತಿರುಗಿಸಿಕೊಡು ಎಂದು ಜನ ದುಂಬಾಲು ಬಿದ್ದರು. ಯಾರ ತಾರೀಖನ್ನೂ ನಾನು ಮುಟ್ಟಲಿಲ್ಲ. ಹಿಂದಿನ ಎಂಟು ತಿಂಗಳು ನಾನು ಮಾಡಿದ್ದು ಒಂದೇ ಕೆಲಸ, ಮಾರಿದ ಒಂದೊಂದು ಮಷೀನನ್ನೂ ಹುಡುಕಿಕೊಂಡು ಹೋಗಿ, ಕಾರಣ ಹೇಳಿ, ಕೆಂಪು ಕಾರನ್ನು ತೆಗೆದದ್ದು. ಕೆಲವರು ಬೈದರು. ಹೆಚ್ಚಿನವರು ಕಾರು ಹೋಯಿತಲ್ಲ ಎಂದು ಬೇಸರಪಟ್ಟರು. ಹೊಸ ಇಸವಿ ಬಂತು, ಏನೂ ಆಗಲಿಲ್ಲ, ಬೆಂಚಿಗೆ ಬಹಳ ನಿರಾಶೆಯಾಯಿತು.

ಅಲ್ಲಿಂದ ಮುಂದೆ ಇಪ್ಪತ್ತು ವರ್ಷ, ಯಾರ ಮಷೀನು ಬಂದರೂ ನಾನು ಸ್ಕ್ರೂಡ್ರೈವರ್ ಎತ್ತುವ ಮೊದಲು ಕೇಳುತ್ತಿದ್ದದ್ದು, ಇದರೊಳಗೆ ಇರುವುದು ಬೇರೆ ಎಲ್ಲೂ ಇಲ್ಲದ್ದು ಏನು ಎಂದು. ಹೆಚ್ಚಿನವರು ಏನಿಲ್ಲ ಬಿಡ್ರಿ ಎನ್ನುತ್ತಿದ್ದರು. ನಾನು ಬಿಡುತ್ತಿರಲಿಲ್ಲ. ಮದುವೆಯ ಫೋಟೋ, ಸತ್ತ ತಂದೆಯ ಧ್ವನಿ, ಅರ್ಧ ಬರೆದ ಪ್ರಬಂಧ, ಒಂದೊಂದಾಗಿ ಹೊರಬರುತ್ತಿದ್ದವು. ಓದಲು ಬಾರದ್ದು ಏನು ಕಂಡರೂ ಅದನ್ನು ಒರೆಸುತ್ತಿರಲಿಲ್ಲ, ಬಲ್ಲವರು ಬಂದು ನೋಡುವವರೆಗೆ ಇಟ್ಟುಕೊಳ್ಳುತ್ತಿದ್ದೆ. ಮಾಣಿಕಪ್ಪನ ಅಂಗಡಿಯಲ್ಲಿ ರಿಪೇರಿ ತಡ ಎಂಬ ಹೆಸರು ಬಂತು. ಬರಲಿ ಎಂದೆ. ಮೊಯಿನ್ ಸಾಹೇಬರಿಗೆ ಇದನ್ನೆಲ್ಲ ಹೇಳಿದಾಗ ಅವರು ನನ್ನ ಕೈ ತೆಗೆದುಕೊಂಡು, ಮೊದಲ ದಿನದ ಹಾಗೆ, ಮಗುಚಿ ಇಟ್ಟರು.

ಮಾಸ್ತರರ ಪುಸ್ತಕ ಬಂತು. ಹೆಂಗಸರು ತಿದ್ದಿದ ಮಾತಿನಲ್ಲೇ ಬಂತು, ಸಂಪಾದಕರು ಎಂಬಲ್ಲಿ ಸುನೀತಾಳ ಹೆಸರು ಮೊದಲು, ಮಾಸ್ತರರದು ಆಮೇಲೆ. ಅವರ ಹಟದಿಂದ ಹಾಗಾಯಿತು. ಅದರ ಕೊನೆಯಲ್ಲಿ ದುಬಲಗುಂಡಿಯ ಭಾಗಮ್ಮ ಎಂಬ ಹೆಸರು, ಕೆಳಗೆ ಆ ಒಂದು ಸಾಲು, ಮಿಕ್ಕ ಪುಟವೆಲ್ಲ ಬಿಳಿ. ಅಚ್ಚಿನ ತಪ್ಪು ಎಂದು ನಾಲ್ಕಾರು ಜನ ಪುಸ್ತಕ ವಾಪಸು ತಂದುಕೊಟ್ಟರಂತೆ.

ಮನೆಗೆ ಬರುವ ಹುಡುಗರು, ನೀವು ಕಳೆದ ಡೇಟಾದಲ್ಲಿ ಎಲ್ಲಕ್ಕಿಂತ ದೊಡ್ಡದು ಎಷ್ಟಿತ್ತು ಎಂದು ಕೇಳುತ್ತಾರೆ. ಆ ಪುಟ ತೆರೆದು ತೋರಿಸುತ್ತೇನೆ. ಲೆಕ್ಕ ಹಾಕಿ ನೋಡಿದ್ದೇನೆ. ಭಾಗಮ್ಮನ ಹಾಡೆಲ್ಲ ಒಂದೇ ಫ್ಲಾಪಿಯಲ್ಲಿ ಹಿಡಿಯುತ್ತಿತ್ತು, ಒಂದು ಲಗ್ನಪತ್ರಿಕೆಗೂ ಜಾಗ ಉಳಿಯುತ್ತಿತ್ತು.